ಗೋಡೆಬೀರುವಿನಲ್ಲೊಂದು ಕೈತೋಟ: ಬೆಳಕು, ಗಾಳಿಗಳ ವಿಚಾರ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಹಿರಿಯರು ಕಟ್ಟಿದ ಕಾಲದಲ್ಲಿ ಅವರ ಮನೆಗಳಿಗೆ ಹಿತ್ತಲೆಂಬುದೊಂದು ಇತ್ತು. ಈಗ ಪಟ್ಟಣಗಳಲ್ಲಿ ವಾಸಿಸುವ ನಮ್ಮಲ್ಲಿ ಅನೇಕರಿಗೆ ಮದ್ದಿನ ಮಾತು ಹಾಗಿರಲಿ, ಹಿತ್ತಲೇ ಇಲ್ಲ. ಎರಡನೆಯ ಮಹಡಿಯಲ್ಲಿ ಮೂರು ಕೋಣೆ. ಕಿಟಕಿ ತೆರೆದರೆ ನಾಲ್ಕಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಬಿಸಿಲು ಕಾಣಬೇಕಾದರೆ ಬೀದಿಗೆ ಇಳಿಯಬೇಕು.

ನಾನಿರುವುದೂ ಇಂಥ ಮನೆಯಲ್ಲಿಯೇ. ಊರಿನ ಮನೆಯನ್ನು ಮಾರಿದ ಮೇಲೆ ನನ್ನ ತಾಯಿಯವರು ನಮ್ಮೊಡನೆ ಬಂದು ನೆಲೆಸಿದರು. ಎಂಬತ್ತು ದಾಟಿದ ಜೀವ. ಮೆಟ್ಟಿಲು ಇಳಿದು ಹತ್ತುವುದು ಅವರಿಂದಾಗದು. ಅರವತ್ತು ವರ್ಷಗಳ ಕಾಲ ಬೆಳಗಾಗೆದ್ದು ಹಿತ್ತಲಿಗೆ ಹೋಗಿ ನಾಲ್ಕು ದೊಡ್ಡಪತ್ರೆಯ ಎಲೆಯನ್ನೋ ಒಂದು ಹಿಡಿ ಪುದೀನವನ್ನೋ ಕಿತ್ತು ತಂದ ಕೈಗೆ ಇಲ್ಲಿ ಕೆಲಸವಿಲ್ಲವಾಯಿತು. ಅವರು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಆದರೆ ಒಂದು ದಿನ, ಪೇಟೆಯಿಂದ ತಂದ ಪುದೀನದ ಕಟ್ಟನ್ನು ಬಿಡಿಸುವಾಗ ಬೇರು ಉಳಿದಿದ್ದ ಎರಡು ಕಡ್ಡಿಗಳನ್ನು ಅವರು ಲೋಟದ ನೀರಿನಲ್ಲಿ ನಿಲ್ಲಿಸಿ ಅಡಿಗೆಮನೆಯ ಮೂಲೆಯಲ್ಲಿ ಇಟ್ಟಿದ್ದುದನ್ನು ಕಂಡೆ. ಅಂದೇ ನಡುಮನೆಯ ಗೋಡೆಬೀರುವಿನ ಕೆಳಭಾಗವನ್ನು ಖಾಲಿ ಮಾಡಿದೆ.

ಖಾಲಿ ಮಾಡಿದೆನೇ ಹೊರತು ವಿಚಾರ ಮಾಡಲಿಲ್ಲ. ಅಂಗಡಿಯಲ್ಲಿ ತೋರಿಸಿದ ನೇರಳೆ ಬಣ್ಣದ ದೀಪವೊಂದನ್ನು ತಂದು ಕಟ್ಟಿದೆ. ಅದರ ಬೆಳಕು ಕಣ್ಣಿಗೆ ಹಿತವಾಗಿರಲಿಲ್ಲವಾದ್ದರಿಂದ ಬೀರುವಿನ ಬಾಗಿಲನ್ನು ಮುಚ್ಚಿಟ್ಟೆ. ಹದಿನೈದು ದಿನ ಕಳೆದು ನೋಡುತ್ತೇನೆ: ಮೆಂತ್ಯದ ಸಸಿಗಳು ದಾರದಂತೆ ಉದ್ದಕ್ಕೆ ಬೆಳೆದು ಮಗುಚಿ ಬಿದ್ದಿವೆ, ಮಣ್ಣಿನ ಮೇಲೆ ಹತ್ತಿಯಂತೆ ಬಿಳಿಯ ಬೂಷ್ಟು ಹಬ್ಬಿದೆ, ಬಾಗಿಲಿನ ಒಳಮೈಯಲ್ಲಿ ನೀರಿನ ಹನಿ ನಿಂತಿದೆ. ಮೇಲಿನ ಅಂತಸ್ತಿನಲ್ಲಿದ್ದ ನನ್ನ ವಿದ್ಯಾರ್ಥಿದೆಸೆಯ ವ್ಯಾಕರಣ ಪುಸ್ತಕದ ರಟ್ಟಿಗೂ ಬೂಷ್ಟು ಏರಿದೆ. ತಾಯಿಯವರು ನೋಡಿ, “ಗಾಳಿ ಆಡದ ಕಡೆ ಗಿಡ ಹೇಗಪ್ಪ ಬದುಕೀತು?” ಎಂದಷ್ಟೇ ಹೇಳಿದರು.

ಆ ಒಂದು ಮಾತಿನಿಂದ ಆರಂಭವಾದ ವಿಚಾರವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಬೆಳಕು ಒಂದು ಪ್ರಶ್ನೆ, ಗಾಳಿ ಇನ್ನೊಂದು ಪ್ರಶ್ನೆ ಎಂದು ನಾನು ಭಾವಿಸಿದ್ದೇ ತಪ್ಪು. ಅವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಯಾವ ಗಿಡ ಬೇಕೆಂಬುದು ಎಷ್ಟು ದೀಪ ಬೇಕೆಂಬುದನ್ನು ನಿರ್ಣಯಿಸುತ್ತದೆ. ಎಷ್ಟು ದೀಪ ಎಂಬುದು ಎಷ್ಟು ಗಾಳಿ ಬೇಕೆಂಬುದನ್ನು ನಿರ್ಣಯಿಸುತ್ತದೆ. ಈ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಗಿಡವೂ ಹೋಗುತ್ತದೆ.

ಪುದೀನದ ಹಳೆಯ ಕಥೆ

ಮುಚ್ಚಿದ ಪಾತ್ರೆಯಲ್ಲಿ ಗಿಡವಿಟ್ಟು ನೋಡಿದವರಲ್ಲಿ ನಾವು ಮೊದಲಿಗರಲ್ಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ವಿದ್ವಾಂಸನು ೧೭೭೧ನೆಯ ಆಗಸ್ಟ್ ೧೭ರಂದು, ಮೇಣದ ಬತ್ತಿ ಉರಿದು ತಾನಾಗಿ ಆರಿಹೋದ ಗಾಳಿಯೊಳಗೆ ಪುದೀನದ ಒಂದು ಕಡ್ಡಿಯನ್ನು ಇಟ್ಟನು. ಹತ್ತು ದಿನಗಳ ಮೇಲೆ ನೋಡಿದಾಗ ಅದೇ ಗಾಳಿಯಲ್ಲಿ ಇನ್ನೊಂದು ಬತ್ತಿ ಚೆನ್ನಾಗಿ ಉರಿಯಿತು. ಕೆಟ್ಟ ಗಾಳಿಯನ್ನು ಗಿಡವು ಸರಿಪಡಿಸುತ್ತದೆ ಎಂಬುದು ಹೀಗೆ ತಿಳಿದುಬಂತು. ಆದರೆ ಈ ಪ್ರಯೋಗ ಕೆಲವೊಮ್ಮೆ ಫಲಿಸುತ್ತಿತ್ತು, ಕೆಲವೊಮ್ಮೆ ಫಲಿಸುತ್ತಿರಲಿಲ್ಲ. ಕಾರಣವನ್ನು ೧೭೭೯ರಲ್ಲಿ ಹಾಲೆಂಡಿನ ವೈದ್ಯ ಇಂಗನ್‌ಹೌಸ್ ಎಂಬಾತನು ಪ್ರಕಟಿಸಿದನು. ಗಿಡದ ಹಸುರು ಭಾಗಗಳು ಮಾತ್ರ, ಅದೂ ಬೆಳಕು ಬಿದ್ದಾಗ ಮಾತ್ರ, ಆ ಕೆಲಸವನ್ನು ಮಾಡುತ್ತವೆ. ಕತ್ತಲೆಯಲ್ಲಿ ಗಿಡವೂ ನಮ್ಮಂತೆಯೇ ಉಸಿರಾಡಿ ಗಾಳಿಯನ್ನು ಕೆಡಿಸುತ್ತದೆ.

ಎಲೆಯಲ್ಲಿರುವ ಪತ್ರಹರಿತ್ತು ಬೆಳಕನ್ನು ಹೀರಿ, ಬೇರಿನಿಂದ ಬಂದ ನೀರನ್ನೂ ಗಾಳಿಯಿಂದ ಬಂದ ಇಂಗಾಲಾಮ್ಲ ವಾಯುವನ್ನೂ ಸೇರಿಸಿ ಸಕ್ಕರೆಯನ್ನು ಮಾಡುತ್ತದೆ. ಇದು ಗಿಡದ ಅಡಿಗೆ. ಒಲೆಯುಂಟು, ಅಕ್ಕಿಯಿಲ್ಲ ಎಂದರೂ ಅಡಿಗೆ ಆಗದು. ಅಕ್ಕಿಯುಂಟು, ಒಲೆಯಿಲ್ಲ ಎಂದರೂ ಆಗದು. ದೀಪ ಒಲೆಯಾದರೆ ಗಾಳಿ ಅಕ್ಕಿ.

ಕಣ್ಣು ಹೇಳುವ ಸುಳ್ಳು

ಮೊದಲು ಬೆಳಕಿನ ವಿಚಾರ. ಇಲ್ಲಿ ನಮ್ಮನ್ನು ಮೋಸಗೊಳಿಸುವುದು ಬೇರೆ ಯಾರೂ ಅಲ್ಲ, ನಮ್ಮ ಕಣ್ಣೇ. ಕಣ್ಣಿನ ಪಾಪೆ ಕತ್ತಲೆಯಲ್ಲಿ ಹಿಗ್ಗಿ ಬೆಳಕಿನಲ್ಲಿ ಕುಗ್ಗುವುದರಿಂದ ಕೋಣೆಯ ಬೆಳಕಿಗೂ ಬಯಲಿನ ಬೆಳಕಿಗೂ ಇರುವ ಅಗಾಧವಾದ ಅಂತರ ನಮಗೆ ತಿಳಿಯುವುದಿಲ್ಲ. ಬೆಳಕು ಒಂದೆಡೆ ಎಷ್ಟು ಬೀಳುತ್ತದೆ ಎಂಬುದನ್ನು ‘ಲಕ್ಸ್’ ಎಂಬ ಮಾನದಿಂದ ಅಳೆಯುತ್ತಾರೆ. ನಡುಮಧ್ಯಾಹ್ನದ ನೇರ ಬಿಸಿಲಿನಲ್ಲಿ ಅದು ಸುಮಾರು ೧ ಲಕ್ಷ. ದೀಪ ಹಚ್ಚಿದ ನಡುಮನೆಯಲ್ಲಿ, ನಾವು ಸುಖವಾಗಿ ಪತ್ರಿಕೆ ಓದುವ ಜಾಗದಲ್ಲಿ, ಅದು ೧೦೦ರಿಂದ ೩೦೦ ಮಾತ್ರ. ನಮಗೆ ಓದಲು ಸಾಕಾದ ಬೆಳಕು ಗಿಡಕ್ಕೆ ಉಪವಾಸದ ಬೆಳಕು. ದಾರದಂತೆ ಎಳೆದ ನನ್ನ ಮೆಂತ್ಯದ ಸಸಿಗಳು ಬೆಳೆದಿರಲಿಲ್ಲ. ಬೆಳಕನ್ನು ಹುಡುಕಿಕೊಂಡು ಬೀಜದಲ್ಲಿದ್ದ ಕಡೆಯ ಗಂಟನ್ನೂ ಖರ್ಚು ಮಾಡಿದ್ದವು.

ಈಗ ಕೈಯಲ್ಲಿರುವ ದೂರವಾಣಿಗಳಲ್ಲಿಯೇ ಲಕ್ಸ್ ಅಳೆಯುವ ಸೌಲಭ್ಯ ದೊರೆಯುತ್ತದೆ. ಅದು ತೋರಿಸುವ ಅಂಕಿ ಕರಾರುವಾಕ್ಕಲ್ಲದಿದ್ದರೂ ೩೦೦ಕ್ಕೂ ೮,೦೦೦ಕ್ಕೂ ಇರುವ ಭೇದವನ್ನು ತಿಳಿಯಲು ಸಾಕು. ಎಲೆ ಇರುವ ಮಟ್ಟದಲ್ಲಿ ಅದನ್ನು ಮೇಲ್ಮುಖವಾಗಿ ಹಿಡಿದು ನೋಡಬೇಕು.

ಯಾವ ಗಿಡಕ್ಕೆ ಎಷ್ಟು? ಎಳೆಯ ಮೆಂತ್ಯ, ಪುದೀನ, ದೊಡ್ಡಪತ್ರೆ, ಸಾಸಿವೆ ಮೊದಲಾದವುಗಳ ಎಳೆಸಸಿ, ಇವು ದಿನಕ್ಕೆ ೧೪ ಗಂಟೆಗಳ ಕಾಲ ಸುಮಾರು ೮,೦೦೦ ಲಕ್ಸ್ ದೊರೆತರೆ ಮರ್ಯಾದೆಯಿಂದ ಬಾಳುತ್ತವೆ. ಕೊತ್ತಂಬರಿ ಪೊದೆಯಾಗಿ ಬರಬೇಕಾದರೆ ಅದರ ಎರಡರಷ್ಟು ಬೇಕು. ಮೆಣಸಿನಕಾಯಿ, ಟೊಮೇಟೊ, ಮಲ್ಲಿಗೆ ಇವು ಬಿಸಿಲಿನ ಮಕ್ಕಳು. ಬೀರುವಿನಲ್ಲಿ ಅವನ್ನು ಸಾಕಲು ಹೊರಡುವುದು ಹಟವೇ ಹೊರತು ತೋಟಗಾರಿಕೆಯಲ್ಲ. ೧೪ ಗಂಟೆ ೮,೦೦೦ ಲಕ್ಸ್ ಎಂದರೂ, ಸ್ವಚ್ಛವಾದ ಬಿಸಿಲಿನ ದಿನ ಬಯಲಿನ ಗಿಡಕ್ಕೆ ದೊರೆಯುವ ಬೆಳಕಿನಲ್ಲಿ ಆರೇಳನೆಯ ಒಂದು ಪಾಲು ಮಾತ್ರ ಎಂಬುದನ್ನು ನೆನಪಿಡಬೇಕು.

ದೀಪದ ಆಯ್ಕೆ

ದೀಪ ಕೊಳ್ಳುವಾಗ ನಾವು ಕೇಳುವುದು ‘ಎಷ್ಟು ವಾಟ್?’ ಎಂದು. ವಾಟ್ ಎಂಬುದು ದೀಪ ತಿನ್ನುವ ವಿದ್ಯುತ್ತಿನ ಲೆಕ್ಕ. ಅದು ಕೊಡುವ ಬೆಳಕಿನ ಲೆಕ್ಕ ‘ಲ್ಯೂಮೆನ್’. ಹಿಂದಿನ ೬೦ ವಾಟಿನ ತಂತಿದೀಪ ಸುಮಾರು ೭೦೦ ಲ್ಯೂಮೆನ್ ಕೊಡುತ್ತಿತ್ತು. ಈಗಿನ ೯ ವಾಟಿನ ಎಲ್.ಇ.ಡಿ. ದೀಪ ಸುಮಾರು ೯೦೦ ಕೊಡುತ್ತದೆ. ಪೆಟ್ಟಿಗೆಯ ಮೇಲೆ ಲ್ಯೂಮೆನ್ ಅಂಕಿಯನ್ನು ಮುದ್ರಿಸಿರುತ್ತಾರೆ. ಮುದ್ರಿಸಿಲ್ಲದ ದೀಪವನ್ನು ಕೊಳ್ಳದಿರುವುದೇ ಮೇಲು.

ನೆನಪಿಡಲು ಸುಲಭವಾದ ಸೂತ್ರ ಇದು: ಗಿಡಗಳನ್ನಿಡುವ ಹಲಗೆಯ ಪ್ರತಿ ಚದರ ಅಡಿಗೆ ೧,೦೦೦ ಲ್ಯೂಮೆನ್. ಅದರಲ್ಲಿ ಕಾಲುಭಾಗ ಅತ್ತಿತ್ತ ಸೋರಿಹೋದರೂ ಉಳಿದದ್ದು ಸುಮಾರು ೮,೦೦೦ ಲಕ್ಸ್ ಆಗುತ್ತದೆ. ಕೊತ್ತಂಬರಿಗಾದರೆ ೨,೦೦೦ ಲ್ಯೂಮೆನ್ ಎಂದು ಹಿಡಿಯಿರಿ.

ನನ್ನ ಬೀರುವಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಗಲ ೩ ಅಡಿ, ಆಳ ೧ ಅಡಿ ೪ ಅಂಗುಲ. ಎಂದರೆ ಹಲಗೆ ೪ ಚದರ ಅಡಿ. ಎತ್ತರ ೫ ಅಡಿ. ಎಂದರೆ ಒಳಗಿನ ಜಾಗ ೨೦ ಘನ ಅಡಿ. ಬೇಕಾದ ಬೆಳಕು ೪,೦೦೦ ಲ್ಯೂಮೆನ್. ಎರಡಡಿ ಉದ್ದದ, ೧೦ ವಾಟಿನ, ತಲಾ ಸುಮಾರು ೧,೦೦೦ ಲ್ಯೂಮೆನ್ ಕೊಡುವ ಎಲ್.ಇ.ಡಿ. ಕೊಳವೆದೀಪಗಳು ನಾಲ್ಕಾದರೆ ಲೆಕ್ಕ ಸರಿಹೋಯಿತು. ಒಟ್ಟು ೪೦ ವಾಟ್. ಗುಂಡಗಿನ ಬುರುಡೆದೀಪಕ್ಕಿಂತ ಕೊಳವೆದೀಪ ಏಕೆ ಒಳ್ಳೆಯದೆಂದರೆ, ಬುರುಡೆ ಒಂದೆಡೆಯೇ ಬೆಳಕನ್ನು ರಾಶಿ ಹಾಕುತ್ತದೆ, ಕೊಳವೆ ಅದನ್ನು ಹಲಗೆಯುದ್ದಕ್ಕೂ ಹರಡುತ್ತದೆ.

ಇನ್ನು ಬಣ್ಣ. ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರುತ್ತದೆಂಬುದು ನಿಜ. ಆ ಕಾರಣದಿಂದಲೇ ಕೆಂಪು, ನೀಲಿ ಸೇರಿಸಿದ ನೇರಳೆ ದೀಪಗಳು ಮಾರುಕಟ್ಟೆಗೆ ಬಂದವು. ಆದರೆ ಹಸುರು ಬೆಳಕು ಗಿಡಕ್ಕೆ ವ್ಯರ್ಥವೆಂಬ ಮಾತು ಸರಿಯಲ್ಲ. ಎಲೆಯ ಮೇಲೆ ಬಿದ್ದ ಹಸುರು ಬೆಳಕಿನಲ್ಲಿಯೂ ಹೆಚ್ಚು ಪಾಲು ಎಲೆಯೊಳಗೇ ಇಳಿದು ಬಳಕೆಯಾಗುತ್ತದೆ. ಅಲ್ಪ ಭಾಗ ಮಾತ್ರ ಹಿಂದಿರುಗಿ ನಮ್ಮ ಕಣ್ಣಿಗೆ ಹಸುರಾಗಿ ಕಾಣುತ್ತದೆ. ಬಿಳಿಯ ಎಲ್.ಇ.ಡಿ.ಯೊಳಗೆ ಇರುವುದು ನೀಲಿ ದೀಪವೇ. ಅದರ ಮೇಲೆ ಲೇಪಿಸಿದ ದ್ರವ್ಯವು ನೀಲಿಯ ಒಂದು ಭಾಗವನ್ನು ಹಳದಿ, ಕೆಂಪುಗಳಾಗಿ ಮಾರ್ಪಡಿಸಿ ಒಟ್ಟಿನಲ್ಲಿ ಬಿಳುಪು ಮಾಡುತ್ತದೆ. ಈ ನೀಲಿ ದೀಪವನ್ನು ಸಾಧಿಸಿದ್ದಕ್ಕಾಗಿಯೇ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ ೨೦೧೪ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂತು. ಸಾಧಾರಣ ಬಿಳಿಯ ದೀಪದಲ್ಲಿ ಸೊಪ್ಪುಗಳಿಗೆ ಬೇಕಾದ ಬಣ್ಣಗಳೆಲ್ಲವೂ ಉಂಟು. ಅದಕ್ಕಿಂತ ಮುಖ್ಯವಾದ ಲಾಭವೆಂದರೆ, ಬಿಳಿಯ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ಕಾಣುತ್ತದೆ. ನೇರಳೆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುವುದರಿಂದ ರೋಗ ಹತ್ತಿದರೂ ತಿಳಿಯುವುದಿಲ್ಲ, ನನಗೆ ತಿಳಿಯಲಿಲ್ಲ.

ದೀಪವನ್ನು ಎಲೆಯ ತುದಿಯಿಂದ ಒಂದು ಗೇಣು ಮೇಲೆ ಕಟ್ಟಬೇಕು. ಗಿಡ ಬೆಳೆದಂತೆ ಏರಿಸಲು ಅನುಕೂಲವಾಗುವಂತೆ ಸರಪಳಿಯಲ್ಲಿ ತೂಗುಹಾಕಿದರೆ ಒಳ್ಳೆಯದು. ಎಲೆಯ ಮಟ್ಟದಲ್ಲಿ ಮುಂಗೈಯನ್ನು ಅರ್ಧ ನಿಮಿಷ ಹಿಡಿದು ನೋಡಿ. ನಿಮ್ಮ ಕೈಗೆ ಬಿಸಿ ತಟ್ಟಿದರೆ ಎಲೆಗೂ ತಟ್ಟುತ್ತದೆ. ಬೀರುವಿನ ಒಳಮೈಗೆ ಅಚ್ಚ ಬಿಳಿಯ ಬಣ್ಣವನ್ನು ಬಳಿಯಿರಿ. ಹಲಗೆಯ ಕಂದು ಬಣ್ಣ ನುಂಗಿಬಿಡುವ ಬೆಳಕನ್ನು ಬಿಳುಪು ಹಿಂದಿರುಗಿಸಿ ಗಿಡದ ಪಕ್ಕಗಳಿಗೂ ತಳಕ್ಕೂ ಕಳುಹಿಸುತ್ತದೆ. ದೀಪಕ್ಕೆ ಖರ್ಚು ಮಾಡುವ ಮೊದಲು ಸುಣ್ಣಬಣ್ಣಕ್ಕೆ ಖರ್ಚು ಮಾಡುವುದು ಜಾಣತನ.

ರಾತ್ರಿಯೂ ಬೇಕು

ಹೆಚ್ಚು ಬೆಳಕು ಒಳ್ಳೆಯದಾದರೆ ಇಪ್ಪತ್ತನಾಲ್ಕು ಗಂಟೆಯೂ ದೀಪ ಉರಿಸಬಾರದೇಕೆ ಎಂದು ಕೇಳುವವರುಂಟು. ಗಿಡಕ್ಕೂ ಹಗಲುರಾತ್ರಿಗಳ ಎಣಿಕೆ ಇದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸೇವಂತಿಗೆಯ ಹೊಲಗಳಲ್ಲಿ ಸಾಲುಸಾಲು ದೀಪಗಳು ಉರಿಯುವುದನ್ನು ಕಂಡಿರಬಹುದು. ಸೇವಂತಿಗೆ ಹೂಬಿಡುವುದು ರಾತ್ರಿ ದೀರ್ಘವಾದಾಗ. ರೈತರು ದೀಪ ಹಚ್ಚಿ ರಾತ್ರಿಯನ್ನು ಮುರಿದು, ಹೂವನ್ನು ತಮಗೆ ಬೇಕಾದ ಕಾಲಕ್ಕೆ ತಡೆಯುತ್ತಾರೆ. ಕೊತ್ತಂಬರಿಯ ಸ್ವಭಾವ ಇದಕ್ಕೆ ವಿರುದ್ಧ. ಹಗಲು ದೀರ್ಘವಾದಷ್ಟೂ, ಸೆಕೆ ಹೆಚ್ಚಿದಷ್ಟೂ, ಅದು ಸೊಪ್ಪು ಬಿಡುವುದನ್ನು ಬಿಟ್ಟು ಬೇಗನೆ ಕಡ್ಡಿ ಎತ್ತಿ ಹೂಬಿಟ್ಟುಬಿಡುತ್ತದೆ. ಆದ್ದರಿಂದ ಕೊತ್ತಂಬರಿಗೆ ೧೨ ಗಂಟೆ, ಮಿಕ್ಕ ಸೊಪ್ಪುಗಳಿಗೆ ೧೪ ಗಂಟೆ ಬೆಳಕು ಕೊಟ್ಟು ಉಳಿದ ಕಾಲ ಕತ್ತಲೆಯಿರಲಿ. ಕಾಲ ನೋಡಿ ತಾನೇ ಹೊತ್ತಿ ಆರುವ ಗಡಿಯಾರ ಸ್ವಿಚ್ಚುಗಳು ಅಗ್ಗವಾಗಿ ಸಿಗುತ್ತವೆ. ಮರೆವಿನ ಮನುಷ್ಯನಿಗಿಂತ ಅದು ನಂಬಿಕಸ್ಥ.

ಗಾಳಿಯ ಮೂರು ಕೆಲಸ

ಈಗ ಗಾಳಿಯ ಕಡೆಗೆ ಬರೋಣ. ಬೀರುವಿನೊಳಗೆ ಗಾಳಿಗೆ ಮೂರು ಕೆಲಸಗಳಿವೆ: ಬಿಸಿಯನ್ನು ಹೊರಗೆ ಸಾಗಿಸುವುದು, ತೇವವನ್ನು ಹೊರಗೆ ಸಾಗಿಸುವುದು, ಇಂಗಾಲಾಮ್ಲವನ್ನು ಒಳಗೆ ತರುವುದು.

ಎಲ್.ಇ.ಡಿ. ದೀಪ ತಣ್ಣಗಿರುತ್ತದೆಂಬ ಮಾತು ಅರ್ಧ ಸತ್ಯ. ತಂತಿದೀಪದಂತೆ ಅದು ಕೈ ಸುಡುವುದಿಲ್ಲ. ಆದರೆ ೪೦ ವಾಟಿನ ದೀಪ ಬೀರುವಿನೊಳಗೆ ಉರಿದರೆ ಹೆಚ್ಚುಕಡಮೆ ಆ ೪೦ ವಾಟೂ ಕೊನೆಗೆ ಬಿಸಿಯೇ ಆಗುತ್ತದೆ. ಬೆಳಕಾಗಿ ಹೊರಟದ್ದೂ ಗೋಡೆ, ಎಲೆ, ಮಣ್ಣುಗಳಲ್ಲಿ ಇಂಗಿ ಬಿಸಿಯಾಗುತ್ತದೆ. ಗಿಡವು ತನ್ನ ಮೈಯಾಗಿ ಕಟ್ಟಿಕೊಳ್ಳುವ ಭಾಗ ತೀರ ಸ್ವಲ್ಪ.

ತೇವದ ಲೆಕ್ಕ ಇನ್ನೂ ಬೆರಗು ಹುಟ್ಟಿಸುವಂಥದು. ಗಿಡ ಕುಡಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಭಾಗವನ್ನು ಎಲೆಯ ಪತ್ರರಂಧ್ರಗಳ ಮೂಲಕ ಆವಿಯಾಗಿ ಬಿಟ್ಟುಬಿಡುತ್ತದೆ. ೨೫ ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ೨೩ ಗ್ರಾಂ. ನನ್ನ ಬೀರುವಿನ ೨೦ ಘನ ಅಡಿ ಗಾಳಿ ಹಿಡಿಯುವುದು ೧೩ ಗ್ರಾಂ ಮಾತ್ರ. ಕುಂಡಗಳಿಗೆ ನಾನು ದಿನಕ್ಕೆ ಹಾಕುವ ನೀರು ಅರ್ಧ ಲೀಟರ್, ಎಂದರೆ ೫೦೦ ಗ್ರಾಂ. ೧೩ ಗ್ರಾಂ ಹಿಡಿಯುವ ಪಾತ್ರೆಗೆ ೫೦೦ ಗ್ರಾಂ ಸುರಿದರೆ ಉಳಿದದ್ದು ಎಲ್ಲಿಗೆ ಹೋಗಬೇಕು? ಬಾಗಿಲಿನ ಮೇಲೆ ಹನಿಯಾಯಿತು, ಮಣ್ಣಿನ ಮೇಲೆ ಬೂಷ್ಟಾಯಿತು, ನನ್ನ ವ್ಯಾಕರಣದ ರಟ್ಟಿಗೆ ಏರಿತು. ತೇವದಲ್ಲಿ ಎಳೆಸಸಿಗಳ ಬುಡ ಕೊಳೆಯುವ ರೋಗವೂ ಹೀಗೆಯೇ ಬರುತ್ತದೆ.

ಮೂರನೆಯದು ಇಂಗಾಲಾಮ್ಲ. ಹೊರಗಿನ ಗಾಳಿಯಲ್ಲಿ ಅದು ಇರುವುದು ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮುಚ್ಚಿದ ಬೀರುವಿನಲ್ಲಿ ದೀಪ ಉರಿಯುತ್ತಿದ್ದರೆ ಆ ಅಲ್ಪವನ್ನೂ ಎಲೆಗಳು ಹೀರಿ ಕಡಿಮೆ ಮಾಡುತ್ತವೆ. ಬಳಿಕ ದೀಪ ಉರಿಯುವುದು ದಂಡ. ಒಲೆ ಉರಿಯುತ್ತದೆ, ಪಾತ್ರೆಯಲ್ಲಿ ಅಕ್ಕಿಯಿಲ್ಲ.

ಎಷ್ಟು ಗಾಳಿ?

ಈ ಮೂರು ಕೆಲಸಗಳಲ್ಲಿ ಬಿಸಿಯನ್ನು ಸಾಗಿಸುವಷ್ಟು ಗಾಳಿ ಆಡಿದರೆ ಮಿಕ್ಕ ಎರಡೂ ಸಾಮಾನ್ಯವಾಗಿ ತಾವೇ ನೆರವೇರುತ್ತವೆ. ಅದಕ್ಕೊಂದು ಸೊಗಸಾದ ಸೂತ್ರವಿದೆ: ದೀಪ ಎಷ್ಟು ವಾಟೋ, ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. ಹಾಗಿದ್ದರೆ ಬೀರುವಿನ ಒಳಗು ಹೊರಗಿನ ಕೋಣೆಗಿಂತ ಸುಮಾರು ೨ ಡಿಗ್ರಿ ಮಾತ್ರ ಬಿಸಿಯಾಗಿರುತ್ತದೆ. ಗಾಳಿ ಅದರ ಅರ್ಧವಾದರೆ ೪ ಡಿಗ್ರಿ. ನನ್ನ ೪೦ ವಾಟಿಗೆ ನಿಮಿಷಕ್ಕೆ ೪೦ ಘನ ಅಡಿ ಬೇಕು. ಬೀರು ೨೦ ಘನ ಅಡಿ ಇರುವುದರಿಂದ ಒಳಗಿನ ಗಾಳಿ ನಿಮಿಷಕ್ಕೆ ಎರಡು ಸಲ ಬದಲಾದಂತಾಯಿತು. ದೀಪ ಹೆಚ್ಚಿಸಿದರೆ ಪಂಖವನ್ನೂ ಹೆಚ್ಚಿಸಬೇಕೆಂಬುದು ಈ ಸೂತ್ರದಿಂದಲೇ ಸ್ಪಷ್ಟ.

ಇದಕ್ಕೆ ಗಣಕಯಂತ್ರಗಳಲ್ಲಿ ಬಳಸುವ ಸಣ್ಣ ಪಂಖ ಸಾಕು. ೧೨೦ ಮಿಲಿಮೀಟರ್ ಅಗಲದ್ದು, ೧೨ ವೋಲ್ಟಿನದು, ಎರಡು ಮೂರು ವಾಟ್ ತಿನ್ನುವಂಥದು. ಪೆಟ್ಟಿಗೆಯ ಮೇಲೆ ‘ಸಿ.ಎಫ್.ಎಂ.’ ಎಂದು ಬರೆದಿರುವುದು ನಿಮಿಷಕ್ಕೆ ಸಾಗಿಸುವ ಘನ ಅಡಿಗಳ ಸಂಖ್ಯೆ. ಆದರೆ ಅದು ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಕಿಂಡಿ, ಸೊಳ್ಳೆಪರದೆ, ತಿರುವುಗಳನ್ನು ದಾಟುವಾಗ ಅರ್ಧದಷ್ಟು ಉಳಿಯುತ್ತದೆ ಎಂದು ಹಿಡಿದು, ೪೦ ಬೇಕಾದವರು ೮೦ ಎಂದು ಬರೆದಿರುವ ಒಂದನ್ನಾಗಲಿ ಸಣ್ಣವು ಎರಡನ್ನಾಗಲಿ ಕೊಳ್ಳಬೇಕು.

ಪಂಖವನ್ನು ಎಲ್ಲಿಡಬೇಕು? ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ. ಆದ್ದರಿಂದ ಪಂಖ ಬಾಗಿಲಿನ ಮೇಲ್ತುದಿಯಲ್ಲಿ, ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುವಂತೆ ಇರಲಿ. ಗಾಳಿ ಒಳಬರುವ ಕಿಂಡಿಗಳು ಬಾಗಿಲಿನ ಕೆಳತುದಿಯಲ್ಲಿ, ಪಂಖದ ಕಿಂಡಿಯ ಎರಡರಷ್ಟು ವಿಸ್ತಾರವಾಗಿ ಇರಲಿ. ಬರುವ ದಾರಿ ಇಕ್ಕಟ್ಟಾದರೆ ಪಂಖ ಸುಮ್ಮನೆ ಗದ್ದಲ ಮಾಡುತ್ತದೆ. ಕೆಳಗಿನ ಕಿಂಡಿಗಳಿಗೆ ಸೊಳ್ಳೆಪರದೆಯ ಬಲೆಯನ್ನು ಬಿಗಿದರೆ ಹುಳುಹುಪ್ಪಟೆ ಒಳಗೆ ಸೇರುವುದಿಲ್ಲ. ತಿಂಗಳಿಗೊಮ್ಮೆ ಅದರ ದೂಳನ್ನು ಒರಸಬೇಕು. ಬಾಡಿಗೆಯ ಮನೆಯಾದರೆ ಮಾಲಿಕರ ಬಾಗಿಲನ್ನು ಕೊರೆಯಬೇಡಿ. ಅದನ್ನು ಕಳಚಿ ಭದ್ರವಾಗಿಟ್ಟು, ಪ್ಲೈವುಡ್ ಹಲಗೆಯ ಬಾಗಿಲೊಂದನ್ನು ಹಾಕಿಸಿ. ಇನ್ನೂ ಸುಲಭವಾದ ಉಪಾಯವೂ ಉಂಟು. ಮನೆಯಲ್ಲಿ ಬೆಕ್ಕು, ಮಕ್ಕಳ ಕಾಟವಿಲ್ಲದಿದ್ದರೆ ಬಾಗಿಲೇ ಇಲ್ಲದೆ ಇಟ್ಟುಬಿಡಿ. ಇಪ್ಪತ್ತು ವಾಟಿನಷ್ಟು ದೀಪಕ್ಕೆ ತೆರೆದ ಬಾಗಿಲಿಗಿಂತ ಒಳ್ಳೆಯ ಪಂಖವಿಲ್ಲ.

ಹೊರಕ್ಕೆ ಎಳೆದ ಗಾಳಿ ಕೋಣೆಗೇ ಬರುತ್ತದೆಂಬುದನ್ನು ಮರೆಯಬಾರದು. ಕೋಣೆಯ ಕಿಟಕಿ ದಿನದಲ್ಲಿ ಕೆಲವು ಗಂಟೆಯಾದರೂ ತೆರೆದಿರಬೇಕು. ಇಲ್ಲದಿದ್ದರೆ ಬೀರುವಿನ ತೇವವನ್ನು ಮನೆಗೆ ಹಂಚಿದಂತಾಗುತ್ತದೆ.

ದೀಪ ಆರಿದೊಡನೆ ಪಂಖವನ್ನೂ ನಿಲ್ಲಿಸುವುದು ಅನೇಕರು ಮಾಡುವ ತಪ್ಪು. ದೀಪ ಆರಿದಾಗ ಬೀರು ತಣಿಯುತ್ತದೆ. ತಣಿದ ಗಾಳಿ ಕಡಿಮೆ ತೇವವನ್ನು ಹಿಡಿಯುತ್ತದೆ. ಮಿಕ್ಕ ತೇವ ಎಲೆಯ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಪಂಖ ಹಗಲೂ ರಾತ್ರಿಯೂ ತಿರುಗುತ್ತಿರಲಿ. ನೀರನ್ನು ದೀಪ ಹೊತ್ತಿದ ಮೇಲೆ ಹಾಕಿ.

ಗಾಳಿ ಎಲೆಗಳ ನಡುವೆಯೂ ಆಡಬೇಕು. ನಿಶ್ಚಲವಾದ ಗಾಳಿ ಎಲೆಯ ಸುತ್ತ ತೆಳುವಾದ ಪೊರೆಯಂತೆ ನಿಂತು, ತೇವವನ್ನು ಹೋಗಗೊಡದೆ ಇಂಗಾಲಾಮ್ಲವನ್ನು ಬರಗೊಡದೆ ತಡೆಯುತ್ತದೆ. ಎಲೆ ಮೆಲ್ಲಗೆ ನಡುಗುವಷ್ಟು ಗಾಳಿ ಸಾಕು. ಹೀಗೆ ಅಲುಗಾಡಿಕೊಂಡು ಬೆಳೆದ ಸಸಿಯ ಕಾಂಡ ಗಿಡ್ಡವಾಗಿ, ಗಟ್ಟಿಯಾಗಿ ಬರುತ್ತದೆ.

ಅಂತರಿಕ್ಷದಲ್ಲಿಯೂ ಇದೇ ವಿಚಾರ. ೨೦೧೫ರ ಆಗಸ್ಟಿನಲ್ಲಿ ಅಂತರಿಕ್ಷ ನಿಲ್ದಾಣದ ಯಾತ್ರಿಕರು ಎಲ್.ಇ.ಡಿ. ಬೆಳಕಿನಲ್ಲಿ ಅಲ್ಲಿಯೇ ಬೆಳೆದ ಲೆಟಿಸ್ ಸೊಪ್ಪನ್ನು ತಿಂದರು. ನಮ್ಮ ಇಸ್ರೋ ಸಂಸ್ಥೆ ೨೦೨೪ರ ಡಿಸೆಂಬರ್ ೩೦ರಂದು ಹಾರಿಸಿದ ಪಿ.ಎಸ್.ಎಲ್.ವಿ. ರಾಕೆಟ್ಟಿನಲ್ಲಿ ೮ ಅಲಸಂದೆ ಬೀಜಗಳ ಪುಟ್ಟ ಪೆಟ್ಟಿಗೆಯಿತ್ತು. ನಾಲ್ಕು ದಿನಗಳಲ್ಲಿ ಅವು ಮೊಳೆತವು. ತೂಕವೆಂಬುದೇ ತೋರದ ಆ ಎಡೆಯಲ್ಲಿ ಬಿಸಿಗಾಳಿ ಮೇಲೇರುವುದಿಲ್ಲ. ಯಂತ್ರವೇ ಗಾಳಿಯನ್ನು ಆಡಿಸಬೇಕು. ನಮಗೆ ನೆಲದ ಮೇಲೆ ಆ ಕೆಲಸದ ಅರ್ಧವನ್ನು ಪ್ರಕೃತಿಯೇ ಮಾಡಿಕೊಡುತ್ತದೆ.

ಊರು, ಕಾಲಗಳನ್ನು ನೋಡಿ

ಪಂಖವು ಕೋಣೆಯ ಗಾಳಿಗಿಂತ ತಣ್ಣನೆಯ ಗಾಳಿಯನ್ನು ತಾರದು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಹಗಲಿನ ಕೋಣೆಯೇ ಕಾದಿರುವಾಗ ದೀಪದ ಬಿಸಿಯನ್ನು ಅದಕ್ಕೆ ಸೇರಿಸುವುದು ಅವಿವೇಕ. ಅಲ್ಲಿಯವರು ಗಿಡದ ಹಗಲನ್ನು ನಮ್ಮ ರಾತ್ರಿಗೆ ಬದಲಾಯಿಸಿಕೊಳ್ಳಬಹುದು: ಸಂಜೆ ೬ಕ್ಕೆ ದೀಪ ಹೊತ್ತಲಿ, ಬೆಳಗ್ಗೆ ೮ಕ್ಕೆ ಆರಲಿ. ಬೀರುವಿನೊಳಗಿನ ಗಿಡಕ್ಕೆ ಸೂರ್ಯನ ಪರಿಚಯವಿಲ್ಲ. ಅದು ದೀಪವನ್ನೇ ಸೂರ್ಯನೆಂದು ತಿಳಿಯುತ್ತದೆ.

ಮಂಗಳೂರು, ಶಿವಮೊಗ್ಗ, ಮಡಿಕೇರಿಗಳ ಮಳೆಗಾಲದ ತೊಂದರೆ ಬೇರೆ. ಹೊರಗಿನ ಗಾಳಿಯೇ ನೂರಕ್ಕೆ ತೊಂಬತ್ತು ತೇವವಾಗಿರುತ್ತದೆ. ಅಲ್ಲಿ ದೀಪದ ಬಿಸಿಯೇ ಉಪಕಾರಿ. ಗಾಳಿ ೨ ಡಿಗ್ರಿ ಬೆಚ್ಚಗಾದರೆ ೯೦ ಇದ್ದ ತೇವಾಂಶ ಸುಮಾರು ೮೦ಕ್ಕೆ ಇಳಿಯುತ್ತದೆ. ಕುಂಡಗಳನ್ನು ದೂರ ದೂರ ಇಟ್ಟು, ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಹಾಕಿದರೆ ಮಳೆಗಾಲವನ್ನು ದಾಟಬಹುದು.

ಎಚ್ಚರಿಕೆಯ ಮಾತು

ನೀರೂ ವಿದ್ಯುತ್ತೂ ಒಂದೇ ಬೀರುವಿನಲ್ಲಿ ಇರುವುದರಿಂದ ಅಜಾಗರೂಕತೆಗೆ ಇಲ್ಲಿ ಎಡೆಯಿಲ್ಲ. ಪ್ಲಗ್ಗು, ವಿದ್ಯುತ್ ಪೆಟ್ಟಿಗೆಗಳೆಲ್ಲ ಬೀರುವಿನ ಹೊರಗೆ, ಕುಂಡಗಳಿಗಿಂತ ಎತ್ತರದಲ್ಲಿ ಇರಲಿ. ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಸ್ವಲ್ಪ ಜೋಲುಬಿಟ್ಟು ಮೇಲಕ್ಕೆ ಒಯ್ಯಿರಿ. ತಂತಿಯ ಮೇಲೆ ಹರಿದ ನೀರು ಆ ಜೋಲಿನಲ್ಲಿ ಹನಿದು ಬೀಳುತ್ತದೆ, ಪ್ಲಗ್ಗಿಗೆ ತಲುಪುವುದಿಲ್ಲ. ಪ್ರತಿ ಕುಂಡದಡಿಯಲ್ಲಿ ತಟ್ಟೆಯಿರಲಿ. ನೀರು ಹಾಕುವಾಗ ದೀಪದ ಸ್ವಿಚ್ಚನ್ನು ಆರಿಸಿ, ಹಾಕಿದ ಮೇಲೆ ಮತ್ತೆ ಹೊತ್ತಿಸಿ. ವಿದ್ಯುತ್ತು ಸೋರಿದೊಡನೆ ಸಂಪರ್ಕವನ್ನು ಕಡಿಯುವ, ೩೦ ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚು ಮನೆಯಲ್ಲಿ ಇಲ್ಲದಿದ್ದರೆ, ದೀಪಕ್ಕೆ ಮೊದಲು ಅದನ್ನು ಬಲ್ಲ ಕೆಲಸಗಾರರಿಂದ ಹಾಕಿಸಿ. ದೀಪದ ಬಳಿ ಬಟ್ಟೆ, ಕಾಗದ ಇಡಬೇಡಿ. ಪುಸ್ತಕಗಳನ್ನು ಬೇರೆ ಬೀರುವಿಗೆ ಸಾಗಿಸಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಖರ್ಚು, ಫಲ

ಕಡೆಯದಾಗಿ ಲೆಕ್ಕ. ೪೦ ವಾಟಿನ ದೀಪ ದಿನಕ್ಕೆ ೧೪ ಗಂಟೆ ಉರಿದರೆ ತಿಂಗಳಿಗೆ ಸುಮಾರು ೧೭ ಯೂನಿಟ್. ೩ ವಾಟಿನ ಪಂಖ ಇಡೀ ತಿಂಗಳು ತಿರುಗಿದರೆ ೨ ಯೂನಿಟ್. ಯೂನಿಟ್ಟಿಗೆ ೬ ರೂಪಾಯಿ ಎಂದು ಹಿಡಿದರೆ ೧೧೪ ರೂಪಾಯಿ. ಇಷ್ಟು ಹಣಕ್ಕೆ ಪೇಟೆಯಲ್ಲಿ ಬೀರು ಕೊಡುವುದಕ್ಕಿಂತ ಹೆಚ್ಚು ಸೊಪ್ಪು ಸಿಗುತ್ತದೆಂಬುದನ್ನು ನಾನು ಮರೆಮಾಚುವುದಿಲ್ಲ. ಮನೆಯ ಕಿಟಕಿಯಲ್ಲಿ ಮೂರು ನಾಲ್ಕು ಗಂಟೆ ಬಿಸಿಲು ಬೀಳುವ ಭಾಗ್ಯವಿದ್ದವರು ಈ ಗೊಡವೆಗೇ ಹೋಗಬೇಕಾಗಿಲ್ಲ. ಕಿಟಕಿಯಲ್ಲಿ ಎರಡು ಕುಂಡವಿಟ್ಟರೆ ಬೆಳಕೂ ಗಾಳಿಯೂ ಬಿಟ್ಟಿಯಾಗಿ ಬರುತ್ತವೆ. ಬೀರುವಿನ ತೋಟ ಕಿಟಕಿಯಿಲ್ಲದವರ ತೋಟ.

ನನ್ನ ಎರಡನೆಯ ಪ್ರಯತ್ನಕ್ಕೆ ಈಗ ಎಂಟು ತಿಂಗಳು ತುಂಬಿತು. ತಾಯಿಯವರು ತುಳಸಿಯನ್ನೂ ಕೇಳಿದ್ದರು. ಎರಡು ಸಲ ನೆಟ್ಟೆ, ನನ್ನ ನಾಲ್ಕು ದೀಪಗಳ ಬೆಳಕು ಅದಕ್ಕೆ ಸಾಲದೆ ಸೊರಗಿತು. ಕೆಳಮನೆಯವರ ಅಂಗಳದಲ್ಲಿ ಒಂದು ಕುಂಡವಿಟ್ಟಿದ್ದೇನೆ. ದಿನವೂ ನಾನು ಇಳಿದು ಅದಕ್ಕೆ ನೀರೆರೆದು ಎರಡು ದಳ ತಂದುಕೊಡುತ್ತೇನೆ. ಪುದೀನ, ದೊಡ್ಡಪತ್ರೆ, ಮೆಂತ್ಯಗಳು ಬೀರುವಿನಲ್ಲಿ ಚೆನ್ನಾಗಿವೆ. ಲೋಟದಲ್ಲಿ ನಿಂತಿದ್ದ ಆ ಎರಡು ಕಡ್ಡಿಗಳ ಸಂತಾನವೇ ಈಗಿನ ಪುದೀನ.

ಬೆಳಗ್ಗೆ ಆರು ಗಂಟೆಗೆ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ರೇಡಿಯೋದಲ್ಲಿ ಸುದ್ದಿ ಬರುವ ಹೊತ್ತಿಗೆ ತಾಯಿಯವರು ಕುರ್ಚಿಯನ್ನು ಬೀರುವಿನ ಮುಂದಕ್ಕೆ ಎಳೆದುಕೊಂಡು ಬಾಗಿಲು ತೆರೆದು ಕುಳಿತಿರುತ್ತಾರೆ. ಮೊದಲು ಪಂಖದ ಕಿಂಡಿಗೆ ಕೈಯೊಡ್ಡಿ ಗಾಳಿ ಬರುತ್ತಿದೆಯೇ ಎಂದು ನೋಡುತ್ತಾರೆ. ಆಮೇಲೆ ನಾಲ್ಕು ದೊಡ್ಡಪತ್ರೆಯ ಎಲೆ ಕೀಳುತ್ತಾರೆ. ಮಧ್ಯಾಹ್ನದ ತಂಬುಳಿಗೆ ಅಷ್ಟು ಸಾಕು.